ಬಾಯ್ಕಾಟ್ ಎಂಬ ಪದದ ತವರಿನಿಂದ

ಜಿಲ್ಲೆಯ ಪರಂಪರೆಯನ್ನು ಕಾಪಾಡುವ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರು ಕ್ಲೂನಾರ್ಡಿನ ಚರ್ಚಿನ ಎದುರು ನೀವು ನೆಡಿಸಿರುವ ಹಸಿರು ಫಲಕದಲ್ಲಿ ಒಂದು ಸಾಲು ಕಡಿಮೆಯಿದೆ. ಆ ಸಾಲು ಸೇರುವ ತನಕ ಅದರ ಅನಾವರಣಕ್ಕೆ ನಾನು ಬರುವುದಿಲ್ಲ, ರಿಬ್ಬನ್ನಿಗೆ ಕತ್ತರಿ ಹಾಕುವುದಿಲ್ಲ, ಬಂದ ಗಣ್ಯರಿಗೆ ಟೀ ಬಗ್ಗಿಸಿ ಕೊಡುವುದೂ ಇಲ್ಲ. ಇದನ್ನು ಕಚೇರಿಗೆ ಬಂದು ಹೇಳಬಹುದಿತ್ತಲ್ಲ, ಪತ್ರಿಕೆಯಲ್ಲಿ ಏಕೆ ಬರೆಯಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಗಂಡ ಒಮ್ಮೆ ನಿಮ್ಮ ಕಚೇರಿಗೆ ಗುಟ್ಟಾಗಿ ಒಂದು ಮಾತು ಹೇಳಿದ್ದ. ಅದರ ಫಲವನ್ನು ನಾವು ಉಂಡಾಗಿದೆ. ಹಾಗಾಗಿ ಈ ಸಲ ಎಲ್ಲರಿಗೂ ಕೇಳುವ ಹಾಗೆ ನಾನೇ ಹೇಳುತ್ತಿದ್ದೇನೆ.

ಫಲಕದ ಒಕ್ಕಣೆ ನನಗೆ ಬಾಯಿಪಾಠವಾಗಿದೆ. ಅದಕ್ಕಿನ್ನೂ ಪರದೆ ಹೊದಿಸಿಲ್ಲ, ಬೆಳಿಗ್ಗೆ ಬ್ರೆಡ್ಡು ತರಲು ಹೋಗುವಾಗ ಅದರ ಮುಂದೆಯೇ ಹಾದುಹೋಗಬೇಕು. "ಸರೋವರದ ಈ ದಂಡೆಯ ಬಡ ಒಕ್ಕಲುಗಳು ಒಂದು ಕಲ್ಲನ್ನೂ ಎಸೆಯದೆ, ಒಂದು ಗುಂಡನ್ನೂ ಹಾರಿಸದೆ ಜಗತ್ತಿನ ಭಾಷೆಗಳಿಗೆಲ್ಲ ಒಂದು ಪದವನ್ನು ಕೊಟ್ಟರು" ಎಂದು ಬರೆಸಿದ್ದೀರಿ. ಅಕ್ಷರ ದುಂಡಗಿದೆ. ಬಣ್ಣ ನಮ್ಮ ಮಳೆಗೂ ಅಳಿಸುವಂಥದ್ದಲ್ಲವಂತೆ. ಕೆಳಗೆ ನಿಮ್ಮ ಲಾಂಛನವೂ ಇದೆ. ಇದೇ ಊರಿನ ಎರಡು ಕೋಣೆಯ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಹೇಳಿದವಳು ನಾನು, ತಪ್ಪು ಹುಡುಕುವುದು ನನಗೆ ಅಂಟಿದ ಚಟ. ಎಷ್ಟು ಹುಡುಕಿದರೂ ಬರೆದದ್ದರಲ್ಲಿ ತಪ್ಪು ಸಿಗಲಿಲ್ಲ. ಅರ್ಧ ಹೇಳಿ ಕೈ ತೊಳೆದುಕೊಂಡಿದ್ದೀರಿ, ಅಷ್ಟೇ.

ಮೊದಲ ಅರ್ಧ ಎಲ್ಲರಿಗೂ ಗೊತ್ತಿರುವುದೇ. ಸಾವಿರದ ಎಂಟುನೂರ ಎಂಬತ್ತರ ಸುಗ್ಗಿ ಕಾಲ. ಸರೋವರದ ಈ ದಂಡೆಯ ಜಮೀನೆಲ್ಲ ಒಬ್ಬ ಪ್ರಭುವಿನದು. ಪ್ರಭು ಇಲ್ಲಿರುತ್ತಿರಲಿಲ್ಲ, ಗೇಣಿ ವಸೂಲಿಗೆ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಇದ್ದ. ಬೆಳೆ ಕೈಕೊಟ್ಟಿದೆ, ಗೇಣಿ ಇಳಿಸಿ ಎಂದು ಒಕ್ಕಲುಗಳು ಕೇಳಿದರು. ಅವನು ಒಕ್ಕಲೆಬ್ಬಿಸುವ ನೋಟಿಸು ಕಳಿಸಿದ. ಆಮೇಲೆ ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಮನೆಯಾಳುಗಳು ಕೆಲಸ ಬಿಟ್ಟು ಹೊರಟರು, ಕಮ್ಮಾರ ಕುದುರೆಗೆ ಲಾಳ ಕಟ್ಟಲಿಲ್ಲ, ಅಂಗಡಿಯವ ಸಾಮಾನು ಕೊಡಲಿಲ್ಲ, ಟಪಾಲು ಬರುವುದು ನಿಂತಿತು. ಹೊಲದಲ್ಲಿ ಉಳಿದ ಆಲೂಗಡ್ಡೆ ಕೀಳಲು ಉತ್ತರದಿಂದ ಆಳುಗಳನ್ನೂ, ಆ ಆಳುಗಳನ್ನು ಕಾಯಲು ಸೈನ್ಯವನ್ನೂ ಕರೆಸಬೇಕಾಯಿತು. ಕೊನೆಗೆ ಅವನು ಊರು ಬಿಟ್ಟಾಗ ಗಾಡಿ ಹೊಡೆಯುವುದಕ್ಕೂ ಒಬ್ಬ ಸಿಗದೆ ಸೈನ್ಯದ ಗಾಡಿಯಲ್ಲೇ ಹೋದ. ಆ ಕ್ಯಾಪ್ಟನ್ನನ ಮನೆತನದ ಹೆಸರು ಬಾಯ್ಕಾಟ್. ಚಳಿಗಾಲ ಕಳೆಯುವುದರೊಳಗೆ ಹೆಸರು ಹೋಗಿ ಕೆಲಸದ ಹೆಸರಾಗಿತ್ತು.

ಇದನ್ನು ಹಳಿಯಲು ನಾನು ಕೂತಿಲ್ಲ. ನನ್ನ ಮುತ್ತಜ್ಜಿ ಅದೇ ದೊಡ್ಡಮನೆಗೆ ಬಟ್ಟೆ ಒಗೆಯುತ್ತಿದ್ದವಳು. ಒಗೆಯದ ಬಟ್ಟೆಯ ಬುಟ್ಟಿಯನ್ನು ಅವರ ಹೊಸ್ತಿಲಲ್ಲೇ ಇಳಿಸಿ, ಒಂದು ಮಾತೂ ಆಡದೆ ಹಿಂದಿರುಗಿದಳಂತೆ. ನಮ್ಮ ಮನೆಯಲ್ಲಿ ಆ ಬುಟ್ಟಿಯ ಕತೆ ಹೇಳದ ಕ್ರಿಸ್‌ಮಸ್ ಇರಲಿಲ್ಲ. ಕೋವಿ ಇಲ್ಲದವರಿಗೆ, ಕಾಸಿಲ್ಲದವರಿಗೆ ಇದ್ದ ಒಂದೇ ಆಯುಧ ಅದು. ಅದನ್ನು ಅವರು ಸರಿಯಾದವನ ಮೇಲೆಯೇ ಎತ್ತಿದರು ಎಂದು ಈಗಲೂ ನಾನು ಎದೆ ತಟ್ಟಿ ಹೇಳುತ್ತೇನೆ.

ಆದರೆ ಪದ ಹುಟ್ಟಿದ ಬಗೆಗೆ ಒಂದು ಕತೆ ಇದೆ. ಪುಸ್ತಕಗಳಲ್ಲೂ ಬಂದಿರುವುದರಿಂದ ನಿಮಗೂ ಗೊತ್ತಿರಬೇಕು. ಊರಿನ ಪಾದ್ರಿಯೂ ಒಬ್ಬ ಪತ್ರಕರ್ತನೂ ಊಟಕ್ಕೆ ಕೂತಿದ್ದರಂತೆ. ಜನ ಮಾಡುತ್ತಿರುವ ಈ ಕೆಲಸವನ್ನು ಏನೆಂದು ಕರೆಯುವುದು ಎಂಬ ಮಾತು ಬಂತು. ಓದಿದವರ ಬಳಿ ಒಂದು ಪದವಿತ್ತು, ಆಸ್ಟ್ರಸಿಸಂ ಎಂದು. ಅದು ನಮ್ಮ ಒಕ್ಕಲು ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ಪಾದ್ರಿಗೆ ಅನ್ನಿಸಿತು. ಕ್ಯಾಪ್ಟನ್ನನ ಹೆಸರನ್ನೇ ಇಟ್ಟರೆ ಹೇಗೆ ಎಂದ. ಸುಲಭವಾಗಿತ್ತು, ಇಟ್ಟುಬಿಟ್ಟರು.

ಅವರು ಬಿಟ್ಟ ಪದವನ್ನು ನಾನು ಐದನೇ ತರಗತಿಯ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅಥೆನ್ಸಿನ ಜನ ಒಬ್ಬನನ್ನು ಊರಾಚೆ ಹಾಕಬೇಕೆನಿಸಿದರೆ ಒಡೆದ ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಆ ಚೂರಿನಿಂದಲೇ ಆ ಪದ ಬಂತು. ಸಾಕಷ್ಟು ಚೂರು ಬಿದ್ದರೆ ಅವನು ಹತ್ತು ವರ್ಷ ಊರ ಹೊರಗಿರಬೇಕು. ಹತ್ತು ವರ್ಷ ಕಳೆದ ಮೇಲೆ? ಬರಬಹುದು. ಅವನ ಮನೆ, ಹೊಲ ಇದ್ದ ಹಾಗೇ ಇರುತ್ತಿದ್ದವು, ಮಾನಕ್ಕೂ ಕುಂದಿರಲಿಲ್ಲ. ಅಂದರೆ ಮಾನ್ಯರೇ, ಆ ಕಷ್ಟದ ಪದದ ಹೊಟ್ಟೆಯಲ್ಲಿ ಒಂದು ಗಡುವು ಇತ್ತು. ಹೊರಗೆ ಹಾಕಿದವರಿಗೂ ಹೊರಗೆ ಹೋದವನಿಗೂ ಇದು ಎಂದು ಮುಗಿಯುತ್ತದೆ ಎಂಬುದು ಗೊತ್ತಿತ್ತು. ನಮ್ಮ ಪಾದ್ರಿ ಕಷ್ಟವೆಂದು ಆ ಪದವನ್ನು ಬಿಟ್ಟಾಗ ಗಡುವೂ ಅದರ ಜೊತೆಗೆ ಹೋಯಿತು. ನಮಗೆ ಸಿಕ್ಕ ಸುಲಭದ ಪದದಲ್ಲಿ ಶುರು ಮಾಡುವುದು ಮಾತ್ರ ಇದೆ.

ಕ್ಯಾಪ್ಟನ್ನನಿಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ. ಅವನಿಗೆ ಹೋಗಲು ಇನ್ನೊಂದು ದೇಶವಿತ್ತು, ಹೋದ. ಹೋಗಲು ಇನ್ನೊಂದು ಊರೂ ಇಲ್ಲದವನ ಮೇಲೆ ಅದೇ ಪದ ಬಿದ್ದರೆ? ಪ್ರಭುವಿಗೆಂದು ಮಸೆದ ಕತ್ತಿ ಪ್ರಭು ಹೋದ ಮೇಲೆ ಎಲ್ಲಿಗೆ ಹೋಯಿತು ಎಂದು ನಿಮ್ಮ ಇಲಾಖೆ ಎಂದಾದರೂ ಯೋಚಿಸಿದೆಯೇ? ಎಲ್ಲಿಗೂ ಹೋಗಲಿಲ್ಲ, ನಮ್ಮ ಮನೆಗಳಲ್ಲೇ ಇತ್ತು.

ಈಗ ಕೊಲ್ಮನ್ ವಿಷಯಕ್ಕೆ ಬರುತ್ತೇನೆ. ಕೊಲ್ಮನ್ ರುವಾನ್ ನನ್ನ ಗಂಡ. ಸರೋವರದಿಂದ ಊರಿಗೆ ನೀರೆತ್ತುವ ಪಂಪ್ ಮನೆಯ ಉಸ್ತುವಾರಿ ಅವನದಾಗಿತ್ತು. ನಮ್ಮ ಮನೆ ಪಂಪ್ ಮನೆಯ ಹಿಂದೆಯೇ. ಮಕ್ಕಳಾಗಲಿಲ್ಲ, ಊರಿನ ಮಕ್ಕಳೇ ಸಾಕು ಎಂದುಕೊಂಡಿದ್ದೆವು. ಹಳ್ಳದ ಆಚೆಗೆ ಜಾರ್ಲತ್ ಫೋರ್ಡ್‌ನ ಮನೆ, ಅವನ ಹಸುಗಳ ಕೊಟ್ಟಿಗೆ. ಜಾರ್ಲತ್ ಎಂದರೆ ಊರಿಗೆ ಪ್ರಾಣ. ಫುಟ್‌ಬಾಲ್ ತಂಡದ ಅಧ್ಯಕ್ಷ, ಯಾರ ಮನೆಯ ಕೆಲಸವಾದರೂ ಮೊದಲು ತೋಳೇರಿಸುವವನು. ಅವನೂ ಕೊಲ್ಮನ್ನೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಜವುಗು ನೆಲದಲ್ಲಿ ಒಲೆಗೆ ಉರುವಲಾಗುವ ಟರ್ಫ್ ಮಣ್ಣಿನ ಹೆಂಟೆ ಕಡಿಯಲು ಇಬ್ಬರೂ ಒಟ್ಟಿಗೇ ಹೋಗುತ್ತಿದ್ದರು. ಮುಯ್ಯಾಳಿನ ಲೆಕ್ಕ, ಇವತ್ತು ನಿನ್ನದು, ನಾಳೆ ನನ್ನದು.

ಮೇಲಿನ ಹುಲ್ಲು ಕೆತ್ತುವಾಗ ಜಾರ್ಲತ್ ಸಲಿಕೆಯನ್ನು ಎಡಗಾಲಿನಲ್ಲಿ ಒತ್ತುತ್ತಿದ್ದ. ಇಡೀ ಊರಿನಲ್ಲಿ ಹಾಗೆ ಒತ್ತುವವನು ಅವನೊಬ್ಬನೇ. ಎಡಗಾಲಲ್ಲಿ ಅಗೆಯುವವರು ಪ್ರಾಟೆಸ್ಟೆಂಟರು ಎಂಬುದು ನಮ್ಮ ಕಡೆಯ ಹಳೆಯ ತಮಾಷೆ.

"ಮುಖ ನೋಡಿದ್ರೆ ಕ್ಯಾಥೊಲಿಕ್ಕು, ಕಾಲು ಮಾತ್ರ ಇಂಗ್ಲೆಂಡ್ ರಾಣಿ ಕಡೇದು ಕಣೋ ನಿಂದು" ಎಂದು ಕೊಲ್ಮನ್ ರೇಗಿಸುತ್ತಿದ್ದ.

"ಯಾರ ಕಡೇದಾದ್ರೂ ಆಗ್ಲಿ, ನಿಂಗಿಂತ ಒಂದು ಸಾಲು ಮುಂದಿದೀನಿ, ನೋಡ್ಕೋ" ಎನ್ನುತ್ತಿದ್ದ ಜಾರ್ಲತ್.

ಪ್ರತಿ ಬೇಸಿಗೆಯೂ ಇದೇ ಮಾತು, ಇದೇ ನಗು. ನಾನು ಫ್ಲಾಸ್ಕಿನಲ್ಲಿ ಟೀ ಒಯ್ದು ಕೊಡುತ್ತಿದ್ದೆ. ಆ ಜೋಕು ಕೇಳಿ ಕೇಳಿ ಬೇಸತ್ತಿದ್ದೆ. ಈಗ ಅದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು.

ಒಂದು ಮಾರ್ಚಿನಲ್ಲಿ ಜಾರ್ಲತ್‌ನ ಸಗಣಿ ತೊಟ್ಟಿ ಸೀಳು ಬಿಟ್ಟಿತು. ಬಗ್ಗಡವೆಲ್ಲ ಹಳ್ಳಕ್ಕೆ ಇಳಿಯಿತು, ಹಳ್ಳದಿಂದ ಸರೋವರಕ್ಕೆ, ಅಲ್ಲಿಂದ ನಮ್ಮೆಲ್ಲರ ನಲ್ಲಿಗೆ. ನೀರು ನಾರಿತು. ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಹೊಟ್ಟೆ ಕೆಟ್ಟು ಮಲಗಿದರು. ಕೊಲ್ಮನ್ ಮೊದಲು ಹೋದದ್ದು ಜಾರ್ಲತ್‌ನ ಅಡಿಗೆಮನೆಗೇ. ಮಳೆ ನಿಲ್ಲಲಿ, ಸರಿ ಮಾಡಿಸುತ್ತೇನೆ ಎಂದ ಅವನು. ನಮ್ಮ ಕಡೆ ಮಳೆ ನಿಲ್ಲುವುದನ್ನು ಕಾಯುವವನು ಸ್ವರ್ಗದಲ್ಲಿ ಕೂತು ಕಾಯಬೇಕು. ಕೊಲ್ಮನ್ ಮತ್ತೆ ಹೋದ, ಮತ್ತೆ ಅದೇ ಉತ್ತರ. ಹಾಲು ಕುಡಿಯುವ ಒಂದು ಕೂಸನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು ಎಂಬ ಸುದ್ದಿ ಬಂದ ದಿನ ಅವನು ನಿಮ್ಮ ಜಿಲ್ಲಾ ಪರಿಷತ್ತಿಗೆ ಫೋನ್ ಮಾಡಿದ. ನನ್ನ ಹೆಸರು ಹೊರಗೆ ಬರುವುದಿಲ್ಲ ತಾನೆ ಎಂದು ಕೇಳಿಕೊಂಡೇ ಹೇಳಿದ. ಇಲ್ಲವೇ ಇಲ್ಲ ಎಂದು ಆ ಕಡೆಯವರು ಭರವಸೆ ಕೊಟ್ಟದ್ದು ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು.

ಎರಡು ದಿನಕ್ಕೆ ನಿಮ್ಮ ವ್ಯಾನು ಬಂತು. ಬಿಳಿ ವ್ಯಾನು, ಬಾಗಿಲ ಮೇಲೆ ಇದೇ ಲಾಂಛನ. ಅದು ಪಿಂಚಣಿ ದಿನ, ಅರ್ಧ ಊರು ಅಂಚೆ ಕಚೇರಿಯ ಮುಂದೆ ನಿಂತಿತ್ತು. ನಿಮ್ಮವರು ಕಿಟಕಿ ಇಳಿಸಿ ಗಟ್ಟಿಯಾಗಿ ಕೇಳಿದರು:

"ಕೊಲ್ಮನ್ ರುವಾನ್ ಅವ್ರ ಮನೆ ಯಾವ ಕಡೆ? ನೀರು ಕೆಟ್ಟಿದೆ ಅಂತ ದೂರು ಕೊಟ್ಟಿದ್ರಲ್ಲ, ಅವ್ರು."

ಅಂಚೆ ಕಚೇರಿಯೂ ಡೆಲಿಯಾಳ ಅಂಗಡಿಯೂ ಒಂದೇ ಕಟ್ಟಡ. ಡೆಲಿಯಾ ನನ್ನ ಬಾಲ್ಯದ ಗೆಳತಿ, ನನ್ನ ಮದುವೆಯಲ್ಲಿ ನನ್ನ ಪಕ್ಕ ಹೂ ಹಿಡಿದು ನಿಂತವಳು. ದಾರಿ ತೋರಿಸಿದವಳು ಅವಳೇ. ಅದು ಈ ಊರಿನಲ್ಲಿ ನಮ್ಮ ಮನೆಯ ಬಗ್ಗೆ ಯಾರಾದರೂ ಜೋರಾಗಿ ಆಡಿದ ಕೊನೆಯ ಮಾತು.

ಈ ದೇಶದ ಸ್ವಭಾವವನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಇಲ್ಲಿ ಕೊಲೆಗಾರನಿಗಾಗಿ ಪ್ರಾರ್ಥಿಸುತ್ತಾರೆ, ಕುದುರೆ ಕದ್ದವನ ಮೇಲೆ ಹಾಡು ಕಟ್ಟುತ್ತಾರೆ. ಸರ್ಕಾರಕ್ಕೆ ನೆರೆಯವನ ಹೆಸರು ಹೇಳಿದವನಿಗೆ ಮಾತ್ರ ಕ್ಷಮೆಯಿಲ್ಲ. ಸರ್ಕಾರ ಪರಕೀಯರದಾಗಿದ್ದಾಗ ಆ ಕಟ್ಟಳೆಗೆ ಅರ್ಥವಿತ್ತು. ಈಗ ಸರ್ಕಾರ ನಮ್ಮದೇ, ನೀರು ನಮ್ಮದೇ, ಹೊಟ್ಟೆ ಕೆಟ್ಟ ಮಕ್ಕಳೂ ನಮ್ಮವೇ. ಆದರೂ ಕಟ್ಟಳೆ ಹಾಗೇ ಇದೆ. ಜಾರ್ಲತ್‌ಗೆ ನ್ಯಾಯಾಲಯ ದಂಡ ಹಾಕಿತು, ಪತ್ರಿಕೆಯಲ್ಲಿ ಅವನ ಹೆಸರು ಬಂತು, ಅವನು ಹಸುಗಳನ್ನು ಮಾರಬೇಕಾಯಿತು. ಊರಿಗೆ ಅಷ್ಟು ಸಾಕಾಯಿತು.

ಯಾರೂ ಸಭೆ ಸೇರಲಿಲ್ಲ. ಮಡಕೆಚೂರಿನ ಮೇಲೆ ಯಾರೂ ಹೆಸರು ಬರೆಯಲಿಲ್ಲ. ನಮ್ಮ ಕಡೆಯ ಸಣ್ಣ ರಸ್ತೆಗಳಲ್ಲಿ ಎದುರಿನಿಂದ ಯಾವ ಕಾರು ಬಂದರೂ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುತ್ತೇವೆ. ಗುರುತಿರಲಿ ಬಿಡಲಿ, ಎತ್ತುತ್ತೇವೆ. ಒಂದು ದಿನ ಆ ಬೆರಳು ನಮಗಾಗಿ ಏಳುವುದು ನಿಂತಿತು. ಡೆಲಿಯಾ ಕೇಳಿದ್ದನ್ನು ಕೊಡುತ್ತಿದ್ದಳು, ಚಿಲ್ಲರೆಯನ್ನು ಮಾತ್ರ ಕೈಗಿಡದೆ ಕೌಂಟರಿನ ಮೇಲೆ ಇಡುತ್ತಿದ್ದಳು. ನಾನು "ಎಂಥಾ ಮಳೆ ಅಲ್ವಾ" ಎಂದರೆ ಉತ್ತರವಿಲ್ಲ. ನಮ್ಮಲ್ಲಿ ಮಳೆಯ ಮಾತಿಗೂ ಉತ್ತರ ಸಿಗಲಿಲ್ಲವೆಂದರೆ ಬದುಕಿದ್ದೀರೋ ಇಲ್ಲವೋ ಎಂದು ಮೈ ಚಿವುಟಿಕೊಂಡು ನೋಡಬೇಕು.

ಭಾನುವಾರದ ಪೂಜೆಯಲ್ಲಿ ಒಂದು ಗಳಿಗೆ ಇದೆ. ಪಾದ್ರಿ "ಒಬ್ಬರಿಗೊಬ್ಬರು ಶಾಂತಿ ಕೋರಿ" ಎನ್ನುತ್ತಾರೆ, ಜನ ತಿರುಗಿ ಅಕ್ಕಪಕ್ಕದವರ ಕೈ ಕುಲುಕುತ್ತಾರೆ. ಮುಂದಿನ ಸಾಲು ತಿರುಗುತ್ತಿರಲಿಲ್ಲ. ಹಿಂದಿನ ಸಾಲಿನವರಿಗೆ ಅದೇ ಹೊತ್ತಿಗೆ ಪ್ರಾರ್ಥನೆ ಪುಸ್ತಕ ಕೆಳಗೆ ಬೀಳುತ್ತಿತ್ತು. ಆ ಬೆನ್ನುಗಳಲ್ಲಿ ಅರ್ಧಕ್ಕರ್ಧ ನನ್ನ ಹತ್ತಿರ ಅಕ್ಷರ ಕಲಿತವರದು. ತರಗತಿಯಲ್ಲಿ ಬಾಯಿ ಮುಚ್ಚಿ ಕೂರಿ ಎಂದು ಅವರಿಗೆ ಹೇಳಿಕೊಟ್ಟವಳೂ ನಾನೇ, ಇಷ್ಟು ಚೆನ್ನಾಗಿ ಕಲಿತಾರೆಂದು ಅಂದುಕೊಂಡಿರಲಿಲ್ಲ. ಕೊಲ್ಮನ್ ನನ್ನ ಕೈ ಹಿಡಿದು "ಶಾಂತಿ" ಎನ್ನುತ್ತಿದ್ದ, ನಾನು ಅವನಿಗೆ ಹೇಳುತ್ತಿದ್ದೆ. ಮನೆಯಲ್ಲಿ ಜಗಳವಾಡಿ ಬಂದ ದಿನವೂ ನಮಗೆ ಇನ್ನೊಬ್ಬರು ಗತಿಯಿರಲಿಲ್ಲ.

ಕಲ್ಲು ಬಿದ್ದಿದ್ದರೆ ಗಾಯ ತೋರಿಸಬಹುದಿತ್ತು ಮಾನ್ಯರೇ. ಒಂದು ಕಲ್ಲನ್ನೂ ಎಸೆಯಲಿಲ್ಲ ಎಂದು ನೀವು ಹೆಮ್ಮೆಯಿಂದ ಬರೆಸಿದ್ದೀರಲ್ಲ, ಎಷ್ಟೋ ದಿನ ನಾನು ಒಂದು ಕಲ್ಲಿಗಾಗಿ ಕಾದಿದ್ದೇನೆ. ಯಾರಾದರೂ ಬಂದು ಬೈದು ಹೋಗಲಿ ಎಂದು ಬಾಗಿಲು ತೆರೆದು ಕೂತಿದ್ದೇನೆ.

ಕೊಲ್ಮನ್ ಮಾತ್ರ ಎದುರು ಬಂದ ಪ್ರತಿ ಕಾರಿಗೂ ಬೆರಳು ಎತ್ತುತ್ತಲೇ ಇದ್ದ. ನನಗೆ ಅವಮಾನವಾಗುತ್ತಿತ್ತು.

"ಯಾಕೆ ಎತ್ತುತೀಯ? ಅವ್ರು ನೋಡೋದೂ ಇಲ್ಲ" ಎಂದೆ ಒಂದು ದಿನ.

"ಬೆರಳು ನಂದು ಕಣೇ" ಎಂದ. ಅಷ್ಟೇ ಹೇಳಿದ.

ಅವನು ಸತ್ತದ್ದು ಮೂರನೇ ವರ್ಷದ ನವೆಂಬರಿನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ಪಂಪ್ ಮನೆಯಲ್ಲಿ. ಎದೆ ನಿಂತಿತ್ತು. ಮಣ್ಣು ಮಾಡುವುದು ಸೋಮವಾರ ಎಂದು ಪಾದ್ರಿ ಗೊತ್ತು ಮಾಡಿದರು, ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಕೊಲ್ಮನ್ನನ ತಮ್ಮ ಬರಬೇಕಿತ್ತು. ನಮ್ಮಲ್ಲಿ ಸಾವಿನ ಮನೆಯ ಬಾಗಿಲು ಮುಚ್ಚುವುದಿಲ್ಲ. ಬದುಕಿದ್ದಾಗ ಹಲ್ಲು ಮಸೆದವರೂ ಬರುತ್ತಾರೆ, ಹೆಣದ ಹಣೆ ಮುಟ್ಟುತ್ತಾರೆ, ಟೀ ಕುಡಿಯುತ್ತಾರೆ. ಪದ್ಧತಿಯಂತೆ ನಾನು ಗಡಿಯಾರ ನಿಲ್ಲಿಸಿದೆ, ಕನ್ನಡಿಗೆ ಬಟ್ಟೆ ಹೊದಿಸಿದೆ, ಹಂದಿಮಾಂಸ ಬೇಯಿಸಿ ಸ್ಯಾಂಡ್‌ವಿಚ್ ಮಾಡಿ ತಟ್ಟೆಗಳಲ್ಲಿ ಜೋಡಿಸಿದೆ, ಊರಿಗೆ ಸಾಲುವಷ್ಟು. ಮನಸ್ಸಿನ ಮೂಲೆಯಲ್ಲಿ ಸಾವಿಗಾದರೂ ಬರುತ್ತಾರೆ ಎಂದಿತ್ತು. ಶನಿವಾರ ಸಂಜೆಯ ತನಕ ಕಾದೆ. ಬ್ರೆಡ್ಡಿನ ಅಂಚು ಒಣಗಿ ಮೇಲಕ್ಕೆ ಮಡಿಸಿಕೊಂಡಿತು. ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಹಾಕಿದ್ದೆ, ಅವುಗಳ ನಡುವೆ ನಾನೊಬ್ಬಳೇ ಕೂತಿದ್ದೆ. ಅಂಥ ಒಂಟಿತನ ನನ್ನ ಶತ್ರುವಿಗೂ ಬೇಡ, ನಿಮಗೂ ಬೇಡ.

ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ಗುಂಡಿಯ ಚಿಂತೆ. ನಮ್ಮಲ್ಲಿ ಗುಂಡಿ ತೋಡುವುದು ನೆರೆಯವರ ಕೆಲಸ, ಸತ್ತವನ ಮನೆಯವರು ಸಲಿಕೆ ಮುಟ್ಟುವಂತಿಲ್ಲ. ಸೋಮವಾರ ಹೊಸದಾಗಿ ಗುಂಡಿ ತೆರೆಯುವಂತೆಯೂ ಇಲ್ಲ. ಸೋಮವಾರ ನೆಲ ತೆರೆದರೆ ಅದು ಇನ್ನೊಬ್ಬರನ್ನು ಕೇಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಭಾನುವಾರವೇ ನೆರೆಯವನೊಬ್ಬ ಹೋಗಿ ಆ ಜಾಗದಲ್ಲಿ ಒಂದು ಹುಲ್ಲುಹೆಂಟೆಯನ್ನು ಕೆತ್ತಿ ಮಗುಚಿ ಇಟ್ಟು ಬರುತ್ತಾನೆ. ಆಗ ಕೆಲಸ ಭಾನುವಾರವೇ ಶುರುವಾದ ಲೆಕ್ಕ. ಪಟ್ಟಣದಿಂದ ಯಂತ್ರ ತರಿಸೋಣ ಎಂದರು ಪಾದ್ರಿ. ಯಂತ್ರ ಸೋಮವಾರ ಬಂದೀತು ಫಾದರ್, ಭಾನುವಾರದ ಹೆಂಟೆ ಯಾರು ಮಗುಚುತ್ತಾರೆ ಎಂದೆ. ಅವರು ಪಕ್ಕದ ಜಿಲ್ಲೆಯಿಂದ ಬಂದವರು, ಅವರಿಗೆ ಇದು ಮೂಢನಂಬಿಕೆ. ನನಗೂ ಮೂಢನಂಬಿಕೆಯೇ ಇರಬಹುದು. ಆದರೆ ಒಬ್ಬ ನೆರೆಯವನೂ ಇಲ್ಲದೆ ಸತ್ತವನು ಎಂದು ಕೊಲ್ಮನ್ನನ ಮೇಲೆ ಬರೆ ಎಳೆಯುವುದು ನನಗೆ ಬೇಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೊಟ್ಟಿಗೆಯಿಂದ ಕೊಲ್ಮನ್ನನದೇ ಸಲಿಕೆ ತೆಗೆದುಕೊಂಡು ಹೊರಟೆ. ಕಟ್ಟಳೆ ಮುರಿದರೆ ಮುರಿಯಲಿ, ನಾನೇ ಮಗುಚುತ್ತೇನೆ ಎಂದುಕೊಂಡಿದ್ದೆ. ಸಲಿಕೆ ಹೊತ್ತ ಮುದುಕಿಯನ್ನು ನೋಡಿಯೂ ಎರಡು ಕಾರು ಬೆರಳೆತ್ತದೆ ಹೋದವು.

ಸಮಾಧಿಯ ಅಂಗಳ ಸರೋವರದ ಪಕ್ಕದ ಇಳಿಜಾರಿನಲ್ಲಿದೆ. ರುವಾನ್ ಮನೆತನದ ಜಾಗ ಕೆಳಗಿನ ಗೋಡೆಗೆ ಒತ್ತಿಕೊಂಡಿದೆ. ಅಲ್ಲಿ, ಅವನ ಅಪ್ಪನ ಕಲ್ಲಿನ ಪಕ್ಕದಲ್ಲಿ, ಒಂದು ಹೆಂಟೆ ಮಗುಚಿ ಬಿದ್ದಿತ್ತು. ಹುಲ್ಲು ಕೆಳಗೆ, ಒದ್ದೆ ಮಣ್ಣು ಮೇಲೆ. ಅಂಚು ಬೆಣ್ಣೆ ಕೊಯ್ದಷ್ಟು ನೇರವಾಗಿತ್ತು. ಯಾರೂ ಇರಲಿಲ್ಲ.

ನಾನು ಅಲ್ಲಿ ಮಂಡಿಯೂರಿ ಆ ಮಣ್ಣನ್ನು ನೋಡಿದೆ. ಕೆತ್ತಿದ ಗೆರೆಯ ಬಲಗಡೆ ನಿಂತ ಕಾಲಿನ ಬೂಟಿನ ಗುರುತು ಆಳವಾಗಿ ಮೂಡಿತ್ತು. ಬಲಗಾಲು ನೆಲದಲ್ಲಿ ಊರಿ ಎಡಗಾಲಲ್ಲಿ ಒತ್ತಿದವನ ಗುರುತು.

ನಾನು ಹೆಸರು ಹೇಳುವುದಿಲ್ಲ ಮಾನ್ಯರೇ. ಹೆಸರು ಹೇಳಿ ನಮ್ಮ ಮನೆಗೆ ಸಾಕಾಗಿದೆ. ಆದರೆ ಕ್ಲೂನಾರ್ಡಿನಲ್ಲಿ ಎಡಗಾಲಲ್ಲಿ ಅಗೆಯುವವರು ಎಷ್ಟು ಮಂದಿ ಎಂಬುದು ಈ ಪತ್ರ ಓದುವ ಊರಿನವರಿಗೆಲ್ಲ ಗೊತ್ತು. ನಿಮಗೂ ಈಗ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ನಾವು ಶವಪೆಟ್ಟಿಗೆಯೊಂದಿಗೆ ಹೋದಾಗ ಗುಂಡಿ ಸಿದ್ಧವಾಗಿತ್ತು. ಗೋಡೆಗಳು ನೆಟ್ಟಗಿದ್ದವು. ಬಾಯಿಗೆ ಅಡ್ಡಲಾಗಿ ಸಲಿಕೆ, ಹಾರೆ ಎರಡನ್ನೂ ಶಿಲುಬೆಯ ಹಾಗೆ ಇಟ್ಟಿತ್ತು, ಪದ್ಧತಿಯಲ್ಲಿ ಒಂದೂ ತಪ್ಪಿರಲಿಲ್ಲ. ಇದ್ದದ್ದು ಪಾದ್ರಿ, ಕೊಲ್ಮನ್ನನ ತಮ್ಮ, ಪೆಟ್ಟಿಗೆ ಹೊರಲು ಪಟ್ಟಣದಿಂದ ಬಂದ ಬಾಡಿಗೆಯವರು, ನಾನು. ಗೋಡೆಯಾಚೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಇಂಜಿನ್ ಆರಿಸಿ ನಿಂತಿತ್ತು. ಅದರ ಮೇಲೆ ಕೂತವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾವು ಹೊರಗೆ ಬರುವ ಹೊತ್ತಿಗೆ ಹೋಗಿದ್ದ.

ಅಂದಿನಿಂದ ನಾನು ಒಂದೇ ವಿಷಯ ಯೋಚಿಸುತ್ತಿದ್ದೇನೆ. ಊರು ನಮ್ಮ ಜೊತೆ ಮಾತು ಬಿಟ್ಟದ್ದು ಅವನಿಗಾಗಿ. ಹಾಗಿದ್ದರೆ ಅವನು ಬಾಯಿ ಬಿಟ್ಟು ಸಾಕು ಎಂದಿದ್ದರೆ ಮುಗಿಯುತ್ತಿತ್ತಲ್ಲ? ಮುಗಿಯುತ್ತಿರಲಿಲ್ಲ. ತನ್ನ ಪರವಾಗಿ ವರ್ಷಗಟ್ಟಲೆ ನಾಲಗೆ ಕಚ್ಚಿಕೊಂಡಿದ್ದ ಊರಿಗೆ ನಿಮ್ಮ ಮೌನವೆಲ್ಲ ವ್ಯರ್ಥವಾಯಿತು ಎಂದು ಅವನು ಹೇಗೆ ಹೇಳಿಯಾನು? ಹೇಳಿದ್ದರೆ ಅವನ ಎದುರೂ ಬೆರಳು ಏಳುತ್ತಿರಲಿಲ್ಲ. ಹಳ್ಳದ ಈ ಕಡೆ ನಮ್ಮನ್ನು ಕೂಡಿಹಾಕಿದರು ಎಂದುಕೊಂಡಿದ್ದೆ. ಆ ಕಡೆ ಅವನನ್ನೂ ಕೂಡಿಹಾಕಿದ್ದರು. ಯಾರೂ ಶುರು ಮಾಡದ್ದನ್ನು ಯಾರು ನಿಲ್ಲಿಸಬೇಕು?

ಈಗ ಅವನ ಹೆಂಡತಿಯೂ ಇಲ್ಲ. ಸಂಜೆ ಅವನ ಅಡಿಗೆಮನೆಯ ದೀಪ ನನ್ನ ಕಿಟಕಿಗೆ ಕಾಣುತ್ತದೆ, ನನ್ನದು ಅವನಿಗೂ ಕಾಣುತ್ತಿರಬೇಕು. ಕಾರು ಈಗ ನಾನೇ ಓಡಿಸುತ್ತೇನೆ, ಎದುರು ಬಂದವರಿಗೆಲ್ಲ ಬೆರಳು ಎತ್ತುತ್ತೇನೆ, ಕೊಲ್ಮನ್ನನ ಪಾಲಿನದು. ಹೊಸಬರು ಎತ್ತುತ್ತಾರೆ. ಹಳಬರಲ್ಲಿ ಕೆಲವರು ಮರೆತು ಎತ್ತಿ ಆಮೇಲೆ ನೆನಪಾಗಿ ಇಳಿಸುತ್ತಾರೆ. ಅವನ ಕಾರು ಎದುರಾದರೆ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿರುತ್ತಾನೆ, ಎಲ್ಲಿ ಬೆರಳು ತಾನಾಗಿ ಎದ್ದುಬಿಡುತ್ತದೋ ಎಂಬಂತೆ.

ಹೀಗಿರುವಾಗ ಹೋದ ವಾರ ಡೆಲಿಯಾ ನನ್ನ ಬಾಗಿಲಿಗೆ ಬಂದಳು. ನಿಮ್ಮ ಅನಾವರಣ ಸಮಿತಿಗೆ ಅವಳೇ ಕಾರ್ಯದರ್ಶಿಯಂತೆ. ಕೈಯಲ್ಲಿ ನಿಮ್ಮ ಆಮಂತ್ರಣದ ಕಾರ್ಡು. ಊರಿನ ಹಳೇ ಟೀಚರು ರಿಬ್ಬನ್ ಕತ್ತರಿಸಿದರೆ ಫೋಟೋಗೆ ಚೆನ್ನಾಗಿರುತ್ತದೆ ಎಂದು ನಿಮ್ಮ ಕಚೇರಿ ಸೂಚಿಸಿದೆಯಂತೆ. ಹಾಗೇ ನನ್ನ ದೊಡ್ಡ ಕೆಟಲ್ಲೂ ಬೇಕಂತೆ. ಅವಳು ಒಳಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಮಳೆ ಹನಿಯುತ್ತಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ.

"ಹಳೇದೆಲ್ಲ ಬಿಟ್ಬಿಡೇ ಅಟ್ರಾಕ್ಟಾ" ಎಂದಳು. "ಅವತ್ತು ನಿಮ್ಗೆ ಯಾರು ಏನು ಮಾಡಿದ್ರು ಹೇಳು? ಯಾರೂ ಏನೂ ಮಾಡ್ಲಿಲ್ಲ."

"ಅದೇ ಕಣೇ ಡೆಲಿಯಾ. ಯಾರೂ ಏನೂ ಮಾಡ್ಲಿಲ್ಲ" ಎಂದೆ.

ಅವಳ ಮುಖ ಕೆಂಪಾಯಿತು. ಆಮೇಲೆ ಕಾರ್ಡನ್ನು ನನ್ನ ಕೈಗೇ ಕೊಟ್ಟು ಹೋದಳು, ಕಿಟಕಿಯ ಕಟ್ಟೆಯ ಮೇಲೆ ಇಡಬಹುದಿತ್ತು, ಇಡಲಿಲ್ಲ. ಅವಳ ಬೆರಳು ತಣ್ಣಗಿತ್ತು. ಬಾಗಿಲು ಹಾಕಿದ ಮೇಲೆ ನಾನು ಅತ್ತೆ, ಯಾಕೆಂದು ನಿಮಗೆ ವಿವರಿಸಲಾರೆ.

ಅದಕ್ಕೇ ಈ ಪತ್ರ. ನನ್ನ ಮೊದಲ ಬೇಡಿಕೆ ಫಲಕದ್ದು. ಕ್ಯಾಪ್ಟನ್ನನ ಕತೆ ಇರಲಿ, ಒಕ್ಕಲುಗಳ ಹೆಮ್ಮೆ ಇರಲಿ, ನನ್ನ ಮುತ್ತಜ್ಜಿಯ ಬುಟ್ಟಿಗೂ ಅದರಲ್ಲಿ ಪಾಲಿದೆ. ಕೆಳಗೆ ಇನ್ನೊಂದು ಸಾಲು ಸೇರಿಸಿ: "ಇದನ್ನು ಶುರು ಮಾಡಲು ನಾವು ಕಲಿತೆವು, ನಿಲ್ಲಿಸಲು ಇನ್ನೂ ಕಲಿಯಬೇಕಾಗಿದೆ." ಪ್ರವಾಸಿಗಳು ಓದಿ ಗೊಂದಲಪಟ್ಟರೆ ಪಡಲಿ. ಅವರ ಊರಿನಲ್ಲೂ ಒಂದು ಮನೆ ಇದ್ದೇ ಇರುತ್ತದೆ, ನೆನಪಾದೀತು.

ಎರಡನೆಯದು ವ್ಯಾನಿನದು, ಇದು ಇನ್ನೂ ಮುಖ್ಯ. ಕ್ಷಮಾಪಣೆಯ ಕಾಗದ ನನಗೆ ಬೇಡ. ನಿಮ್ಮ ಬಿಳಿ ವ್ಯಾನನ್ನು ಕಳಿಸಿ, ನೀವೂ ಅದರಲ್ಲಿ ಬನ್ನಿ. ಪಿಂಚಣಿ ದಿನವೇ ಬನ್ನಿ. ಅಂಚೆ ಕಚೇರಿಯ ಮುಂದೆಯೇ ನಿಲ್ಲಿಸಿ, ಕಿಟಕಿ ಇಳಿಸಿ, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಕೇಳಿ, ಅಟ್ರಾಕ್ಟಾ ರುವಾನ್ ಮನೆ ಯಾವ ಕಡೆ, ಅವರ ಮನೆಗೆ ಟೀ ಕುಡಿಯಲು ಬಂದಿದ್ದೇವೆ ಎಂದು. ಆಗ ಯಾರಾದರೂ ಒಬ್ಬರು ದಾರಿ ಹೇಳಲೇಬೇಕು. ಹೇಳಬೇಕೆಂದರೆ ನನ್ನ ಹೆಸರನ್ನು ನಾಲಗೆಯ ಮೇಲೆ ತರಲೇಬೇಕು.

ದಾರಿಯಲ್ಲಿ ಹಳ್ಳದ ಪಕ್ಕದ ಗೇಟಿನ ಹತ್ತಿರ ಒಬ್ಬ ಮುದುಕ ನಿಂತಿರುತ್ತಾನೆ, ಅವನು ಆ ಹೊತ್ತಿಗೆ ಯಾವಾಗಲೂ ಅಲ್ಲೇ ನಿಂತಿರುತ್ತಾನೆ. ಅವನನ್ನೂ ಇನ್ನೊಮ್ಮೆ ದಾರಿ ಕೇಳಿ. ವ್ಯಾನಿನಲ್ಲಿ ಜಾಗವಿದ್ದರೆ ಹತ್ತಿಸಿಕೊಂಡು ಬನ್ನಿ. ಅವನು ಬೇಡ ಎನ್ನುತ್ತಾನೆ, ಬಿಡಬೇಡಿ. ನಾಳೆ ಊರು ಕೇಳಿದರೆ ಅವನಿಗೆ ಹೇಳಲು ಒಂದು ನೆಪ ಬೇಕಲ್ಲ. ನಾನಾಗಿ ಹೋಗಲಿಲ್ಲ, ಸರ್ಕಾರದವರು ಕರೆದುಕೊಂಡು ಹೋದರು ಎನ್ನಬಹುದು. ಇಷ್ಟು ವರ್ಷದಲ್ಲಿ ನಿಮ್ಮ ಇಲಾಖೆಯಿಂದ ನಮಗಾಗುವ ಒಂದೇ ಉಪಕಾರ ಅದು.

ಕೆಟಲ್ ನನ್ನಲ್ಲೇ ಇರುತ್ತದೆ. ಮೇಜಿನ ಮೇಲೆ ಮೂರು ಕಪ್ಪು ತೆಗೆದಿಟ್ಟಿರುತ್ತೇನೆ.

ಇಂತಿ,
ಎದುರು ಬಂದವರಿಗೆಲ್ಲ ಇನ್ನೂ ಬೆರಳೆತ್ತುತ್ತಿರುವ,
ಅಟ್ರಾಕ್ಟಾ ರುವಾನ್
ಪಂಪ್ ಮನೆಯ ಹಿಂದೆ, ಕ್ಲೂನಾರ್ಡ್
(ವಿಳಾಸ ಸಿಗದಿದ್ದರೆ ಜೋರಾಗಿ ಕೂಗಿ ಕೇಳಿ, ನಿಮಗೆ ಅಭ್ಯಾಸವಿದೆ.)